ಬೀಗದ ಗುರುತಿನ ಫೋಲ್ಡರ್

ಹೊಳೆದಂಡೆಯ ಆಶ್ರಮಕ್ಕೆ ಭಕ್ತರೊಬ್ಬರು ತಮ್ಮ ಮನೆಯ ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಗುರುಗಳ ಪ್ರವಚನಗಳೆಲ್ಲ ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಗುರುಗಳ ದನಿ ಕುಗ್ಗಿಹೋಗಿತ್ತು. ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಶಕ್ತಿ ಅವರಿಗೆ ಉಳಿದಿರಲಿಲ್ಲ.

ಆ ಪ್ರವಚನಗಳನ್ನು ಕೂತು ಟೈಪ್ ಮಾಡಿದವನು ಹಿರಿಯ ಶಿಷ್ಯ ಮಡಿವಾಳಯ್ಯ.

ಫಕೀರಪ್ಪ ಮೊನ್ನೆ ಮೊನ್ನೆ ಬಂದ ಶಿಷ್ಯ. ಕಂಪ್ಯೂಟರ್ ಮೊಂಡು ಹಿಡಿದರೆ ಸರಿಮಾಡುವುದು ಅವನಿಗೆ ಗೊತ್ತಿತ್ತು. ಹಾಗಾಗಿ ಗುರುಗಳು ಅದರ ಎಲ್ಲ ಬಾಗಿಲೂ ತೆರೆಯುವ ಅಡ್ಮಿನ್ ಪಾಸ್‌ವರ್ಡನ್ನು ಅವನಿಗೆ ಒಪ್ಪಿಸಿದರು.

ಮಡಿವಾಳಯ್ಯನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಮುಂಜಾನೆ ಗುರುಗಳ ಜೊತೆ ಹೊಳೆಗೆ ಹೋಗುವವನು ಫಕೀರಪ್ಪ. ಅವರ ಪಂಚೆ ಹಿಂಡುವವನು ಫಕೀರಪ್ಪ. ಈಗ ಪಾಸ್‌ವರ್ಡೂ ಅವನದೇ!

ಅಂದಿನಿಂದ ಅವನು ಕಂಪ್ಯೂಟರಿನ ಮೂಲೆ ಮೂಲೆ ಹುಡುಕತೊಡಗಿದ. ಅಡಗಿದ ಫೋಲ್ಡರುಗಳನ್ನೂ ತೋರಿಸು ಎಂದು ಎಲ್ಲೋ ಒತ್ತಿದಾಗ ಒಂದು ಮಸುಕು ಫೋಲ್ಡರ್ ಕಣ್ಣಿಗೆ ಬಿತ್ತು. ಅದರ ಮೇಲೆ ಬೀಗದ ಗುರುತಿತ್ತು. ತೆರೆಯಲು ಹೋದರೆ, ಅನುಮತಿ ಇಲ್ಲ ಎಂದಿತು.

ನೇರ ಗುರುಗಳ ಹತ್ತಿರ ಹೋದ.

"ಅಜ್ಜಾರ, ಆ ಕೀಲಿ ಹಾಕಿದ ಫೋಲ್ಡರಿನ್ಯಾಗ ಏನೈತ್ರಿ?"

"ನನಗೇನ್ ಗೊತ್ತೋ? ಏನೈತಿ ಅಂತ ನಿನಗ ಅನಸ್ತೈತಿ?"

"ನೀವು ಹೊಳಿ ದಂಡಿ ಮ್ಯಾಲೆ ಫಕೀರಪ್ಪಗ ಒಬ್ಬನಿಗೇ ಹೇಳಿದ್ದು."

"ಹಂಗಾರ ಅದನ್ನ ನೀನ ಆಗಲೇ ತುಂಬಿಸೀದಿ ಬಿಡು," ಎಂದರು ಗುರುಗಳು.

ಮಡಿವಾಳಯ್ಯ ಬಿಡಲಿಲ್ಲ. "ನಾ ಹಿರಿಯಾವ. ಪಾಸ್‌ವರ್ಡ್ ನನ್ನ ಕಡೆ ಇರಬೇಕಿತ್ರಿ."

ಗುರುಗಳು ಅಂಗಳದ ಕಡೆ ತಿರುಗಿದರು. "ಫಕೀರಪ್ಪಾ, ಪಾಸ್‌ವರ್ಡ್ ಇವಗ ಕೊಡು."

ಫಕೀರಪ್ಪ ಕಸಬರಿಗೆ ಕೆಳಗಿಟ್ಟು ಬಂದ, ಪಾಸ್‌ವರ್ಡ್ ಹೇಳಿದ, ಹೋಗಿ ಮತ್ತೆ ಅಂಗಳ ಗುಡಿಸತೊಡಗಿದ.

ಕೊಟ್ಟಿಲ್ಲವೆಂದು ಉರಿಯುತ್ತಿದ್ದವನು ಈಗ ಕೊಟ್ಟನಲ್ಲ ಎಂದು ಉರಿದ. ಇಷ್ಟು ಸಲೀಸಾಗಿ ಕೊಟ್ಟನೆಂದರೆ ಒಳಗೆ ಇನ್ನೊಂದು ಕೀಲಿ ಇಟ್ಟಿರಲೇಬೇಕು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಮಧ್ಯಾಹ್ನ ಎಲ್ಲರೂ ಪ್ರಸಾದಕ್ಕೆ ಕೂತಿದ್ದಾಗ ಅವನು ಕಂಪ್ಯೂಟರಿನ ಮುಂದೆ ಕೂತ. ಅಡ್ಮಿನ್ ಆಗಿಯೇ ಒಳಹೊಕ್ಕು ಆ ಫೋಲ್ಡರನ್ನು ಒತ್ತಿದ. ಅನುಮತಿ ಇಲ್ಲ. ಅಡ್ಮಿನ್‌ಗೂ ಇಲ್ಲ!

"ನಾ ಹೇಳಲಿಲ್ಲೇನು?" ಎಂದು ತನಗೆ ತಾನೇ ಅಂದುಕೊಂಡ. ಅನುಮಾನ ನಿಜವಾಯಿತೆಂದು ಅವನಿಗೆ ಖುಷಿಯೇ ಆಯಿತು.

ಫೋಲ್ಡರಿನ ಒಡೆತನವನ್ನು ತನ್ನ ಹೆಸರಿಗೆ ಮಾಡಿಕೊಂಡ. ಯಾರೂ ತೆರೆದು ನೋಡಬಾರದು ಎಂದು ಅದರಲ್ಲಿದ್ದ ನಿಯಮವನ್ನು ಕಿತ್ತುಹಾಕಿದ. ಫೋಲ್ಡರ್ ತೆರೆಯಿತು.

ಒಳಗೆ ಇನ್ನಷ್ಟು ಫೋಲ್ಡರುಗಳು. ಒಂದರ ಮೇಲೆ ಅವನ ಹೆಸರು, ಇನ್ನೊಂದರ ಮೇಲೆ ಫಕೀರಪ್ಪನ ಹೆಸರು. ಅವನದರಲ್ಲಿ ಅವನೇ ಟೈಪ್ ಮಾಡಿದ ಪ್ರವಚನಗಳಿದ್ದವು. ಫಕೀರಪ್ಪನದರಲ್ಲಿ ಏನೂ ಇರಲಿಲ್ಲ.

ಏನೂ ಇಲ್ಲ ಎಂದರೆ ನಂಬಲು ತಾನೇನು ಕೂಸೇ? ನನ್ನ ಕೆಲಸವನ್ನು ಕದ್ದು ಇಲ್ಲಿ ಬಚ್ಚಿಟ್ಟಿದ್ದಾನೆ, ತನ್ನದನ್ನು ಅಳಿಸಿದ್ದಾನೆ ಎಂದು ಹಲ್ಲು ಕಡಿದ.

ಇನ್ನು ತಾನು ಒಳಗೆ ಬಂದರೆ ಸಾಲದು, ಅವನು ಹೊರಗೆ ಹೋಗಬೇಕು. ಇಡೀ ಡಿಸ್ಕಿಗೆ ಯಾರಿಗೆಲ್ಲ ಅನುಮತಿ ಇದೆ ಎಂದು ನೋಡಿದ. ಫಕೀರಪ್ಪನ ಹೆಸರು ತೆಗೆದ. ಇನ್ನೂ ಯಾರ್‍ಯಾರದೋ ಹೆಸರಿದ್ದವು. ಸಿಸ್ಟಮ್ ಅಂತೆ, ಯೂಸರ್ಸ್ ಅಂತೆ. ಇವರೂ ಅವನ ಕಡೆಯವರೇ ಇರಬೇಕೆಂದು ಅವರನ್ನೂ ತೆಗೆದ. ತನ್ನ ಹೆಸರೊಂದನ್ನು ಉಳಿಸಿಕೊಂಡ. ಒಳಗಿನ ಎಲ್ಲ ಫೋಲ್ಡರಿಗೂ ಇದೇ ಅನ್ವಯ ಎಂದು ಒತ್ತಿದ. ನಡುವೆ ಬಂದ ಎಚ್ಚರಿಕೆಗಳಿಗೆಲ್ಲ ಹೂಂ ಅಂದ. ಕಂಪ್ಯೂಟರ್ ಬಂದ್ ಮಾಡಿ ಪ್ರಸಾದಕ್ಕೆ ಹೋದ. ಅಂದು ರೊಟ್ಟಿ ಬಹಳ ರುಚಿಯಾಗಿತ್ತು.

ಮರುದಿನ ಕಂಪ್ಯೂಟರ್ ಏಳಲಿಲ್ಲ. ಪರದೆ ಕಪ್ಪಗಾಗಿ ಕೂತಿತು. ಮತ್ತೆ ಹಾಕಿದರೂ ಕಪ್ಪು.

ಗುರುಗಳು ಬಂದರು. "ಏನಾತು ಇದಕ್ಕ?"

"ನಾ ಏನೂ ಮುಟ್ಟಿಲ್ರೀ," ಎಂದ ಮಡಿವಾಳಯ್ಯ.

ಮುಟ್ಟಿದ್ದೀಯಾ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಗುರುಗಳು ಬೈಯಲಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವನಂತೆಯೇ ಆ ಕಪ್ಪು ಪರದೆಯನ್ನು ನೋಡುತ್ತಾ ಇದ್ದರು. ಅವರು ಆಡಿದ ಮಾತೆಲ್ಲ ಅದರೊಳಗಿತ್ತು. ಮಡಿವಾಳಯ್ಯನಿಗೆ ತಡೆಯಲಾಗಲಿಲ್ಲ. ಅಳುತ್ತಾ ಮಾಡಿದ್ದನ್ನೆಲ್ಲ ಹೇಳಿಬಿಟ್ಟ.

ಫಕೀರಪ್ಪ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. "ಅಣ್ಣಾರ, ಸಿಸ್ಟಮ್ ಅಂದ್ರ ನನ್ನ ಕಡೆಯಾಂವ ಅಲ್ರೀ, ಈ ಕಂಪ್ಯೂಟರೇ. ಅದರ ಮನಿಗೆ ಅದನ್ನ ಬರದಂಗ ಮಾಡೀರಿ."

"ಮತ್ತ ಆ ಕೀಲಿ ಫೋಲ್ಡರ್?" ಎಂದ ಮಡಿವಾಳಯ್ಯ.

"ಅದು ಫೋಲ್ಡರ್ ಅಲ್ರೀ, ದಾರಿ ತೋರಿಸೋ ಕೈಮರ. ಹಿಂದಕ ಎಲ್ಲಾರ ಫೋಲ್ಡರೂ ಆ ಹೆಸರಿನ ಒಳಗ ಇರ್ತಿದ್ವು. ಈಗ ಜಾಗಾ ಬ್ಯಾರೆ. ಹಳೀ ಪ್ರೋಗ್ರಾಮುಗಳು ದಾರಿ ತಪ್ಪಬಾರದಂತ ಮಾಡಿದಾವ್ರ ಆ ಹೆಸರು ಉಳಿಸಿ, ಮಂದಿ ಹೊಕ್ಕಬಾರದಂತ ಕೀಲಿ ಹಾಕ್ಯಾರ. ಅದರ ಒಳಗ ನಿಮಗ ಕಂಡದ್ದು ನೀವು ದಿನಾ ಕೆಲಸ ಮಾಡೋ ಜಾಗಾನ."

"ನಾ ಅಲ್ಲೇ ಕುಂತು ಅದನ್ನ ಹುಡುಕಿದ್ನೇನು?"

ಫಕೀರಪ್ಪ ಕಂಪ್ಯೂಟರಿನ ಹತ್ತಿರ ಬಂದ.

"ಇದು ಸರಿ ಆಗತೈತೇನೋ?" ಎಂದು ಗುರುಗಳು ಕೇಳಿದರು.

"ಆಗತೈತ್ರಿ ಅಜ್ಜಾರ. ಪೆನ್ ಡ್ರೈವಿನಿಂದ ಚಾಲೂ ಮಾಡಿ, ತೆಗೆದ ಹೆಸರೆಲ್ಲಾ ಮತ್ತ ಹಾಕಬೇಕು." ಫಕೀರಪ್ಪ ಕುರ್ಚಿ ಎಳೆದುಕೊಂಡು ಕೂತ.

ಗುರುಗಳು ಅವನ ಭುಜ ಮುಟ್ಟಿದರು. "ನೀ ಏಳು. ತೆಗೆದಾಂವನ ಹಾಕಲಿ. ನೀ ಬಾಜೂಕ ನಿಂತು ಹೇಳಿಕೊಡು."

ಮಡಿವಾಳಯ್ಯ ಕೂತ. ಫಕೀರಪ್ಪ ಒಂದೊಂದೇ ಅಕ್ಷರ ಹೇಳಿದಂತೆ ಟೈಪ್ ಮಾಡಿದ. ಸಿಸ್ಟಮ್ ಹಾಕಿದ. ಯೂಸರ್ಸ್ ಹಾಕಿದ.

ಫಕೀರಪ್ಪನ ಹೆಸರು ಬಂದಾಗ ಬೆರಳು ನಿಂತವು. ತಪ್ಪು ಒಪ್ಪಿಕೊಂಡು ಅತ್ತಿದ್ದೇನೋ ನಿಜ. ಹೊಟ್ಟೆಕಿಚ್ಚು ಅಷ್ಟು ಬೇಗ ಆರುವ ಬೆಂಕಿಯಲ್ಲ. ಹಲ್ಲು ಕಚ್ಚಿ ಆ ಹೆಸರನ್ನೂ ಹಾಕಿದ.

ಬಹಳ ಹೊತ್ತಿನ ಮೇಲೆ ಪರದೆಗೆ ಬೆಳಕು ಬಂತು. ಫಕೀರಪ್ಪ ತನ್ನ ಪಾಸ್‌ವರ್ಡ್ ಹಾಕಿ ನೋಡಿದ. ಪ್ರವಚನಗಳು ಇದ್ದವು. ಒಂದೂ ಹೋಗಿರಲಿಲ್ಲ. ಗುರುಗಳು ಕಣ್ಣು ಮುಚ್ಚಿ ಉಸಿರು ಬಿಟ್ಟರು.

"ಎಲ್ಲಾರ ಹೆಸರೂ ಹಾಕಿದ್ಯಾ?"

"ಹಾಕೇನ್ರಿ ಅಜ್ಜಾರ. ನನ್ನ ಹೆಸರು ಒಂದು ತೆಗೆದು ಬಿಟ್ಟೇನಿ. ಒಳಗ ಬರಾಕ ನಾ ಯೋಗ್ಯ ಅಲ್ರೀ." ಹೀಗೆಂದು ಮಡಿವಾಳಯ್ಯ ತಲೆ ತಗ್ಗಿಸಿದ. ತಗ್ಗಿಸಿದ ತಲೆಯಿಂದಲೇ, ಗುರುಗಳು ತನ್ನನ್ನು ನೋಡುತ್ತಿದ್ದಾರೆಯೇ ಎಂದು ಓರೆಗಣ್ಣು ಹಾಯಿಸಿದ.

ಗುರುಗಳು ಕೀಬೋರ್ಡನ್ನು ಅವನ ಕಡೆ ಸರಿಸಿದರು.

"ಅದನ್ನೂ ಹಾಕು. ನಿನ್ನೆ ನಿನ್ನ ಹೆಸರೊಂದು ಇಟ್ಟಿ, ಇವತ್ತ ನಿನ್ನ ಹೆಸರೊಂದು ಬಿಟ್ಟಿ. ಎರಡೂ ದಿನ ನಿನಗ ಕಂಡದ್ದು ಅದೊಂದ ಹೆಸರು."