ಭರಮನ ಪರೀಕ್ಷೆ

ಒಂದೂರಲ್ಲಿ ಶಾವಂತ್ರೆವ್ವ ಅಂತ ಮೊಸರು ಮಾರುವ ಹೆಂಗಸು ಇದ್ದಳು. ಅವಳಿಗೆ ಭರಮ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವ್ವನ ಸಂಕಟ.

ಬೇಸಿಗೆ ಬಂದದ್ದೇ ಅವಳ ಮೊಸರು ಹೆಪ್ಪುಗಟ್ಟದೆ ನೀರುನೀರಾಯಿತು. ಗಿರಾಕಿಗಳೆಲ್ಲ ಬಿಟ್ಟುಹೋದರು. ಉಳಿದವನು ಖಾನಾವಳಿಯ ಈರಪ್ಪ ಒಬ್ಬನೇ. ಅವನೂ, ಮುಂದಿನ ಸಂತೆಯ ದಿನದೊಳಗೆ ಗಟ್ಟಿ ಮೊಸರು ತೋರಿಸದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದ. ಹಾಲಿನ ಬಿಸಿ ಹೆಚ್ಚಾಗಿ ಕೆಡುತ್ತಿದೆಯೋ ಏನೋ, ಪರೀಕ್ಷೆ ಮಾಡಿಯೇ ಬಿಡೋಣ ಅಂತ ಅವ್ವ ಎರಡು ಗಡಿಗೆ ಇಟ್ಟಳು.

"ಒಂದಕ್ಕ ಬಿಸಿ ಹಾಲು ಹಾಕು, ಇನ್ನೊಂದಕ್ಕ ಆರಿದ ಹಾಲು. ಅದೊಂದ ಬ್ಯಾರೆ ಇರಲಿ. ಉಳಿದದ್ದೆಲ್ಲ ಎರಡಕ್ಕೂ ಒಂದ ನಮೂನಿ ಇರಬೇಕು. ಅಂದ್ರ ಯಾವುದರಿಂದ ಕೆಡತೈತಿ ಅಂತ ಗೊತ್ತಾಗತೈತಿ."

ಭರಮ ಹಾಲು ಹಾಕಿದ, ಹೆಪ್ಪು ಹಾಕಿದ. ನೋಡುತ್ತಾನೆ, ಒಂದು ಗಡಿಗೆಯ ತಳ ಬಿರುಕು ಬಿಟ್ಟು ಹಾಲು ಸೋರುತ್ತಿದೆ. ಇನ್ನೊಂದು ಸೋರುತ್ತಿಲ್ಲ. ಕಲ್ಲು ತಂದು ಅದರ ತಳಕ್ಕೂ ಒಂದು ಕುಟ್ಟಿದ.

ಅವ್ವ ಬಂದು ಹಣೆ ಹಣೆ ಬಡಿದುಕೊಂಡಳು. ಬೇರೆ ಗಡಿಗೆ ತಂದು ತಾನೇ ಹಾಲು ಹಾಕಿ, ಏನೇ ಆಗಲಿ ಮುಟ್ಟಬೇಡ, ಸುಮ್ಮನೆ ಕೂತು ನೋಡುತ್ತಿರು ಅಂದಳು.

ಭರಮ ಕೂತ. ಬೆಕ್ಕು ಬಂತು. ಒಂದು ಗಡಿಗೆಗೆ ಮುಖ ಹಾಕಿ ತಳ ಕಾಣುವವರೆಗೆ ನೆಕ್ಕಿತು, ಮತ್ತೊಂದಕ್ಕೆ ಹೋಯಿತು. ಭರಮ ಕಣ್ಣು ಮಿಟುಕಿಸದೆ ನೋಡಿದ.

ಅವ್ವ ಬಂದು ಬೆನ್ನಿಗೊಂದು ಗುದ್ದಿದಳು. ಮೊಸರಿಗೆ ಯಾರು ಬಾಯಿ ಹಾಕಲು ಬಂದರೂ ಬಡಿಗೆ ತಗೊಂಡು ಹೊಡೆದು ಓಡಿಸು ಅಂತ ಬೈದು, ಮತ್ತೆ ಹೆಪ್ಪು ಹಾಕಿದಳು.

ಈ ಸಲ ಆರಿದ ಹಾಲಿನ ಗಡಿಗೆಯಲ್ಲಿ ಕೊಯ್ದು ಎತ್ತುವಂಥ ಮೊಸರು. ಬಿಸಿ ಹಾಲಿನದು ಬರೀ ನೀರು. ಅವ್ವನ ಕಣ್ಣು ತುಂಬಿ ಬಂತು. ಓಡಿಹೋಗಿ ಈರಪ್ಪನನ್ನೂ ಅವನ ಅಳಿಯನನ್ನೂ ಕರೆತಂದು ಜಮಖಾನೆ ಹಾಸಿ ಕೂರಿಸಿದಳು. ಇಬ್ಬರ ಕೈಗೂ ಬಟ್ಟಲು ತುಂಬ ಗಟ್ಟಿ ಮೊಸರು ಕೊಟ್ಟು, ಸಕ್ಕರೆ ತರಲು ಒಳಗೆ ಹೋದಳು.

ಬರುವಷ್ಟರಲ್ಲಿ ಈರಪ್ಪ ರುಮಾಲು ಬಿಟ್ಟು ಓಣಿಯ ತುದಿ ಮುಟ್ಟಿದ್ದ. ಅಳಿಯ ಬಟ್ಟಲು ಹಿಡಿದು ಬೆಪ್ಪಾಗಿ ಕೂತಿದ್ದ. ಭರಮನ ಕೈಯಲ್ಲಿ ಬಡಿಗೆ.

"ಏನ ಮಾಡಿದ್ಯೋ ಮಗನ?"

"ಪರೀಕ್ಷಾ ಮಾಡಿದೆ, ಅವ್ವ. ಇಬ್ಬರಿಗೂ ಒಂದ ಮೊಸರು, ಒಂದ ನಮೂನಿ ಬಟ್ಟಲ, ಒಂದ ಜಮಖಾನಿ. ಮಾವಗ ಹೊಡದೆ, ಅಳಿಯಗ ಹೊಡೀಲಿಲ್ಲ. ಮಾವ ಓಡಿದ, ಅಳಿಯ ಕೂತಾನ. ಗಿರಾಕಿ ಓಡಿ ಹೋಗೋದು ನಿನ್ನ ಮೊಸರಿಂದ ಅಲ್ಲವ್ವ, ಬಡಿಗಿಯಿಂದ."