ಸತ್ತ ಮೀನು ಮುಗಿಯುವ ತನಕ

ನದಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡದೇನಲ್ಲ. ಒಂದು ಗುಡಿಸಲು, ಒಂದು ಬಾವಿ, ಒಬ್ಬ ಗುರು, ಒಬ್ಬ ಶಿಷ್ಯ.

ಗುರುಗಳನ್ನು ಊರವರು ಅಜ್ಜಯ್ಯ ಅನ್ನುತ್ತಿದ್ದರು. ಶಿಷ್ಯನ ಹೆಸರು ಚಿದಂಬರ. ಘಟ್ಟದ ಮೇಲಿನವನು, ಕಡಲು ಕಂಡು ಮೂರು ವರ್ಷವಾಗಿತ್ತಷ್ಟೆ. ಓದಿದವನು, ಒಳ್ಳೆಯವನು. ಅವನದು ಒಂದೇ ತೊಂದರೆ: ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳದೆ ಇರಲು ಅವನಿಂದ ಆಗುತ್ತಿರಲಿಲ್ಲ.

ಮಳೆ ಕಡಿಮೆಯಾದ ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಕಡಲು ಸತ್ತ ಮೀನು ತಂದು ದಡಕ್ಕೆ ಸುರಿಯಿತು. ಒಂದೆರಡಲ್ಲ, ಕಾಲಿಡಲು ಜಾಗವಿಲ್ಲದಷ್ಟು. ನಂಗು, ಸಿಗಡಿ, ಏಡಿ, ಹೆಸರು ಗೊತ್ತಿರುವುದು, ಗೊತ್ತಿಲ್ಲದ್ದು. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ದೋಣಿಗಳು ಮರಳ ಮೇಲೇ ಉಳಿದವು. ಸತ್ತದ್ದನ್ನು ತಿನ್ನುವಂತಿಲ್ಲ, ಬದುಕಿದ್ದು ಸಿಗುವಂತಿಲ್ಲ. ಊರು ಹೆದರಿತು.

ನಾಲ್ಕನೆಯ ಬೆಳಿಗ್ಗೆ ಊರ ಯಜಮಾನ ಜಟ್ಟಪ್ಪ ದಡದಲ್ಲಿ ಕೂಟ ಕರೆದ. ಗುರುಗಳಿಗೆ ಮಂಡಿನೋವು, ಏಳಲಾಗುತ್ತಿರಲಿಲ್ಲ. ಶಿಷ್ಯನನ್ನು ಕರೆದರು.

"ಹೋಗಿ ಕೇಳಿಕೊಂಡು ಬಾ."

ಆ ಊರಲ್ಲೊಂದು ಕಟ್ಟಳೆ ಇತ್ತು. ಕಡಲಿನ ವಿಷಯಕ್ಕೆ ಕೂಟದಲ್ಲಿ ಮಾತಾಡುವವರು ನಾಲಿಗೆಗೆ ಒಂದು ಚಿಟಿಕೆ ಉಪ್ಪು ಇಟ್ಟುಕೊಂಡೇ ಮಾತಾಡಬೇಕು. ಉಪ್ಪಿನ ಮೇಲೆ ಆಡಿದ ಮಾತನ್ನು ಊರು ನಡೆಸಲೇಬೇಕು. ತಪ್ಪಾಡಿದೆ ಅನ್ನಿಸಿದರೆ ಆಡಿದವನೇ ಎಲ್ಲರೆದುರು ಕಡಲ ನೀರಲ್ಲಿ ಬಾಯಿ ಮುಕ್ಕಳಿಸಿ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಹಾಗೆ ಮುಕ್ಕಳಿಸಿದವರನ್ನು ಕಂಡ ನೆನಪು ಊರಲ್ಲಿ ಯಾರಿಗೂ ಇರಲಿಲ್ಲ.

ಅದಕ್ಕೇ ಅಂದು ಉಪ್ಪಿನ ಬಟ್ಟಲು ಸುತ್ತು ಬಂದಾಗ ಮುದುಕರು ಮುಟ್ಟಲಿಲ್ಲ, ಹರೆಯದವರೂ ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ಕಡಲಲ್ಲೇ ಇದ್ದವರಿಗೆ ಕಾರಣ ಹೊಳೆಯಲಿಲ್ಲ. ಬಟ್ಟಲು ಚಿದಂಬರನ ಮುಂದೆ ಬಂತು. ಓದಿದವರು, ನೀವಾದರೂ ಹೇಳಿ ಸ್ವಾಮಿ ಅಂದ ಜಟ್ಟಪ್ಪ.

ಚಿದಂಬರ ಉಪ್ಪು ತೆಗೆದುಕೊಂಡ.

ಹಿನ್ನೀರಿನಲ್ಲಿ ಮಾಸ್ತಕ್ಕನ ಹೊಂಡ ಇದೆಯಲ್ಲ, ಅದೇ ಕಾರಣ ಅಂದ. ವರ್ಷಗಟ್ಟಲೆ ತೆಂಗಿನಕಾಯಿ ಸಿಪ್ಪೆ ಕೊಳೆಯುವ ನೀರು ಅದು, ಕಪ್ಪಗೆ ವಿಷದ ಹಾಗಿದೆ, ಇಳಿತದ ಜೊತೆ ಕಡಲಿಗೆ ಹೋಗುತ್ತದೆ, ಮೀನು ಸಾಯದೆ ಇನ್ನೇನಾದೀತು ಅಂದ. ಬಾಯಿ ಚೆನ್ನಾಗಿತ್ತು, ಮಾತು ಸರಾಗವಾಗಿ ಬಂತು. ಕೂಟದ ಮುಖದ ಮೇಲೆ ನಾಲ್ಕು ದಿನದಲ್ಲಿ ಮೊದಲ ಬಾರಿ ಸಮಾಧಾನ ಕಾಣಿಸಿತು.

ಮಾಸ್ತಕ್ಕ ಗಂಡ ಸತ್ತವಳು. ಸಿಪ್ಪೆಯನ್ನು ಕೆಸರಲ್ಲಿ ಹೂತು, ಕೊಳೆಸಿ, ಬಡಿದು ನಾರು ತೆಗೆದು, ಕತ್ತದ ಹಗ್ಗ ಹೊಸೆದು ಬದುಕಿದವಳು. ಹೊಂಡ ಹೋದರೆ ಅವಳಿಗೆ ಬೇರೆ ದಾರಿಯಿಲ್ಲ. ಹೊಂಡದ ಬಾಯಲ್ಲೇ ಮೀನು ಮರಿ ಆಡುತ್ತಿವೆ, ಒಮ್ಮೆ ಬಂದು ನೋಡಿ ಅಂತ ಅವಳು ಎರಡು ಸಲ ಹೇಳಿದಳು. ಯಾರೂ ಹೋಗಲಿಲ್ಲ. ನಾಡಿದ್ದು ಬೆಳಗಿನ ಇಳಿತಕ್ಕೆ ಮರಳು ತುಂಬಿ ಹೊಂಡ ಮುಚ್ಚುವುದು ಅಂತ ತೀರ್ಮಾನವಾಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಊರುಗಳು ಎಲ್ಲ ಕಡೆ ಇವೆ ಬಿಡಿ.

ಚಿದಂಬರ ಆಶ್ರಮಕ್ಕೆ ಬಂದು, ನಡೆದದ್ದನ್ನು ಖುಷಿಯಿಂದಲೇ ಹೇಳಿದ. ಗುರುಗಳು ಮಂಡಿ ತಿಕ್ಕಿಕೊಳ್ಳುತ್ತ ಕೇಳಿಸಿಕೊಂಡರು.

"ಕೇಳಿಕೊಂಡು ಬಾ ಅಂದರೆ ಹೇಳಿ ಬಂದೆಯಾ?"

ಗುರುಗಳೇ ಮತ್ತೆ ಕೇಳಿದರು.

"ಅವರಿಗೆ ಯಾರಿಗೂ ಹೊಳೆಯದ್ದು ನಿನಗೆ ಹೇಗೆ ಹೊಳೆಯಿತು?"

"ಆ ಹೊಂಡದ ವಾಸನೆ ನೋಡಿದರೆ ಯಾರಿಗಾದರೂ ಹೊಳೆಯುತ್ತದೆ, ಗುರುಗಳೇ."

ಗುರುಗಳು ಅವನ ಬಟ್ಟೆಯ ಗಂಟನ್ನು ತರಿಸಿ, ಬಾವಿಯ ಹಳೆಯ ಹಗ್ಗದ ಒಂದು ತುಂಡಿನಿಂದ ಅದನ್ನು ಬಿಗಿದು ಕಟ್ಟಿ, ಅವನ ಹೆಗಲಿಗೆ ಹಾಕಿದರು. ಹಗ್ಗ ಮಾಸ್ತಕ್ಕ ಹೊಸೆದದ್ದು. ಹಳೆಯದಾದರೂ ಸಣ್ಣಗೆ ವಾಸನೆ ಇತ್ತು.

"ದಡ ಹಿಡಿದು ಉತ್ತರಕ್ಕೆ ನಡೆ. ಸತ್ತ ಮೀನು ಎಲ್ಲಿ ಮುಗಿಯುತ್ತದೋ ಅಲ್ಲಿ ತನಕ ಹೋಗು. ಸಿಕ್ಕಿದ ಊರಲ್ಲೆಲ್ಲ ಕಾರಣ ಏನು ಅಂತ ಕೇಳು. ನಿನ್ನ ಊರು, ನಿನ್ನ ಉತ್ತರ, ಎರಡನ್ನೂ ಹೇಳಬೇಡ."

ಊಟ ಮುಗಿಸಿ ಹೊರಡಲೇ ಅಂತ ಕೇಳಬೇಕೆಂದಿದ್ದ. ಗುರುಗಳ ಮುಖ ನೋಡಿ ಹಾಗೇ ಹೊರಟ.

ಮೊದಲ ಗುಡ್ಡ ದಾಟಿದರೆ ಸತ್ತ ಮೀನು ಇರಲಾರದು ಅಂದುಕೊಂಡಿದ್ದ. ಗುಡ್ಡ ದಾಟಿದ. ಅಲ್ಲೂ ಅಷ್ಟೇ ಇತ್ತು. ಇಳಿತದ ನೀರು ಇಷ್ಟು ದೂರ ಬಂದಿರಬಹುದು ಅಂತ ತನಗೆ ತಾನೇ ಹೇಳಿಕೊಂಡ. ಅಲ್ಲಿಯ ಬೆಸ್ತರನ್ನು ಕೇಳಿದರೆ, ಹೊರಗಿನಿಂದ ಬಂದವನೊಬ್ಬ ಸಿಗಡಿ ಸಾಕಲು ಕೆರೆ ತೋಡಿದ್ದಾನೆ, ಆ ಕೆರೆಯ ಕೊಳಕೇ ಕಾರಣ ಅಂದರು. ಕೆರೆಗೆ ಬೇಲಿ ಹಾಕಿ ಅವನು ದಡಕ್ಕೆ ಹೋಗುವ ದಾರಿಯನ್ನೇ ಮುಚ್ಚಿದ್ದಾನೆ, ಎರಡು ವರ್ಷದಿಂದ ಸುತ್ತಿ ಬಳಸಿ ಹೋಗುತ್ತಿದ್ದೇವೆ ಅಂತ ಅದನ್ನೂ ಸೇರಿಸಿದರು. ಮೀನಿಗಿಂತ ಬೇಲಿಯ ಮಾತೇ ಹೆಚ್ಚಾಯಿತು.

ಇವರ ಕೆರೆಯ ನೀರು ಇಲ್ಲಿ ಕೊಂದರೆ ನಮ್ಮಲ್ಲಿ ಕೊಂದದ್ದು ಯಾವುದು? ಚಿದಂಬರನ ತಲೆಯಲ್ಲಿ ಒಂದು ಸಣ್ಣ ಮುಳ್ಳು ಕೂತಿತು. ಅದರ ಮುಂದಿನ ಊರಲ್ಲಿ ಪಕ್ಕದೂರಿನವರು ದೀಪ ಹಾಕಿ ಮೀನು ಹಿಡಿಯುವುದೇ ಕಾರಣ ಅಂದರು. ಆ ಪಕ್ಕದೂರಿಗೂ ಇವರಿಗೂ ಮಾತಿಲ್ಲವಂತೆ.

ಮೂರನೆಯ ಊರಿಗೆ ಬರುವಾಗ ಸಂಜೆಯಾಗಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಒಬ್ಬಳು ಹೆಂಗಸು ಅಂಗಳದಲ್ಲಿ ಕೂರಿಸಿ ಗಂಜಿ ಬಡಿಸಿದಳು, ಮಾವಿನ ಮಿಡಿ ಹಾಕಿದಳು. ಇನ್ನೂ ಸ್ವಲ್ಪ ಹಾಕಿಕೊಳ್ಳಿ ಅಂತ ಬಲವಂತ ಮಾಡಿದಳು. ಚಿದಂಬರ ಗಂಜಿ ಕುಡಿಯುತ್ತ ಮೀನಿನ ಮಾತು ತೆಗೆದ.

ಗೊತ್ತಿಲ್ಲವಾ ಸ್ವಾಮಿ ಅಂದಳು. ಕೆಳಗೆ ಅಳಿವೆಯ ಹತ್ತಿರ ಒಂದು ಆಶ್ರಮ ಉಂಟು, ಅಲ್ಲಿ ಘಟ್ಟದ ಮೇಲಿನವನೊಬ್ಬ ಬಂದು ಸೇರಿಕೊಂಡಿದ್ದಾನೆ, ಎಂಥದೋ ಹೋಮ ಮಾಡಿ ಹುಣ್ಣಿಮೆಗೊಂದು ಸಲ ಬೂದಿ ತಂದು ಕಡಲಿಗೆ ಹಾಕುತ್ತಾನಂತೆ. ಕಡಲಿನ ರೀತಿ ನೀತಿ ಗೊತ್ತಿಲ್ಲದವನು. ಅವನು ಬಂದ ಮೇಲೇ ಎಲ್ಲ ಕೆಟ್ಟದ್ದು. ಅವನನ್ನು ಓಡಿಸಬೇಕು ಅಂತ ಊರಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ.

ಚಿದಂಬರ ಗಂಜಿಯ ಬಟ್ಟಲು ಕೆಳಗಿಟ್ಟ.

ಬೂದಿ ಹಾಕುತ್ತಿದ್ದದ್ದು ನಿಜ. ಎಷ್ಟು? ಒಂದು ಮುಷ್ಟಿ. ಒಂದು ಮುಷ್ಟಿ ಬೂದಿಗೆ ಹರದಾರಿಗಟ್ಟಲೆ ಕಡಲು ಸಾಯುತ್ತದೆಯೇ ತಾಯಿ, ನಿಮಗೇನು ತಲೆ ಕೆಟ್ಟಿದೆಯೇ, ನಾನು ಯಾರಿಗೆ ಏನು ಮಾಡಿದ್ದೇನೆ? ಇಷ್ಟೂ ಮಾತು ನಾಲಿಗೆಯ ತುದಿಗೆ ಬಂದು ನಿಂತವು. ಹೇಳಬೇಡ ಅಂದಿದ್ದರು ಗುರುಗಳು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡ. ಅಲ್ಲಿ ಮಾಸ್ತಕ್ಕನ ಹಗ್ಗ ಇತ್ತು.

ಒಮ್ಮೆ ಬಂದು ನೋಡಿ ಅಂದಿದ್ದಳು ಅವಳು, ಎರಡು ಸಲ.

ಅವನು ಮೂರು ವರ್ಷದಲ್ಲಿ ಒಂದು ದಿನವೂ ಆ ಹೊಂಡದ ಹತ್ತಿರ ಹೋದವನಲ್ಲ. ಜಪಕ್ಕೆ ಕೂತರೆ ಗಾಳಿ ಆ ವಾಸನೆಯನ್ನೇ ತಂದು ಮೂಗಿಗೆ ಹಿಡಿಯುತ್ತಿತ್ತು, ದಿನಾ ಬೆಳಿಗ್ಗೆ ಮನಸ್ಸಿನಲ್ಲೇ ಶಪಿಸಿದ್ದ. ಆ ಹೊಂಡ ಒಮ್ಮೆ ಮುಚ್ಚಿದರೆ ಸಾಕು ಅಂತ ಮೀನು ಸಾಯುವುದಕ್ಕೆ ಎಷ್ಟೋ ಮೊದಲೇ ಅವನಿಗೆ ಅನ್ನಿಸಿತ್ತು. ಚಿದಂಬರನಿಗೆ ನಾಚಿಕೆಯಾಯಿತು. ಗಂಜಿಯ ಬಟ್ಟಲನ್ನು ತಾನೇ ತೊಳೆದಿಟ್ಟು, ಆ ಮನೆಯ ಜಗಲಿಯಲ್ಲೇ ಮಲಗಿದ.

ಮರುದಿನ ಹೊತ್ತೇರುವಾಗ ಐದನೆಯ ಊರಲ್ಲಿ ಸತ್ತ ಮೀನು ಮುಗಿಯಿತು. ಮುಗಿದ ಜಾಗದಲ್ಲಿ ಪುರ್ಸು ಖಾರ್ವಿ ಅನ್ನುವ ಮುದುಕನೊಬ್ಬ ನೀರಲ್ಲಿ ಕಾಲಿಟ್ಟು ನಿಂತಿದ್ದ. ಕಾರಣ ಕೇಳಿದರೆ ತಕ್ಷಣ ಹೇಳಲಿಲ್ಲ. ಇಲ್ಲಿ ಬಂದು ನಿಲ್ಲಿ ಅಂದ. ಚಿದಂಬರ ನಿಂತ. ನೀರು ಮಂಜಿನ ಹಾಗೆ ತಣ್ಣಗಿತ್ತು.

ಮಳೆ ಹೋಗುವಾಗ ಕೆಲವು ವರ್ಷ ಆಳದ ನೀರು ಮೇಲೆ ಬರುತ್ತದೆ ಅಂದ ಪುರ್ಸು. ಆ ನೀರಲ್ಲಿ ಉಸಿರಿರುವುದಿಲ್ಲ ಅಂತ ಅವನ ಅಪ್ಪ ಹೇಳುತ್ತಿದ್ದನಂತೆ. ನೋಡಿ, ಸತ್ತದ್ದೆಲ್ಲ ತಳದಲ್ಲಿರುವವೇ, ಮೇಲೆ ಓಡಾಡುವ ಬಂಗುಡೆ ಒಂದಾದರೂ ಇದೆಯಾ ಅಂತ ತೋರಿಸಿದ. ಚಿದಂಬರ ನಾಲ್ಕು ಊರು ದಾಟಿ ಬಂದಿದ್ದ, ಅದನ್ನು ಗಮನಿಸಿರಲಿಲ್ಲ.

ಹಾಗಾದರೆ ಅದೇ ಕಾರಣವೇ ಅಂತ ಆಸೆಯಿಂದ ಕೇಳಿದ.

"ಇರಬಹುದು," ಅಂದ ಪುರ್ಸು. "ಮೊನ್ನೆ ನೀರು ಕೆಂಪಗೂ ಕಂಡಿತ್ತು, ಅದೂ ಇರಬಹುದು. ದೂರ ಹೋಗುವ ಹಡಗು ಏನಾದರೂ ಬಿಟ್ಟಿತೋ, ಅದೂ ಇರಬಹುದು. ನಾನು ಕಡಲ ಹೊಟ್ಟೆಯೊಳಗೆ ಹೋಗಿ ನೋಡಿದವನಲ್ಲವಲ್ಲ ಸ್ವಾಮಿ."

ಇರಬಹುದು ಅಂದವನು ಆ ದಾರಿಯಲ್ಲಿ ಇವನೊಬ್ಬನೇ. ಚಿದಂಬರ ಕೈಮುಗಿದು ತಿರುಗಿದ. ಬಂದದ್ದಕ್ಕಿಂತ ಜೋರಾಗಿ ನಡೆದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಹೋದ ಮಾತನ್ನು ಹಿಡಿಯಲು ಅವನಿಗಿದ್ದದ್ದು ಒಂದೇ ದಿನ. ಕಾಲಲ್ಲಿ ಬೊಕ್ಕೆ ಎದ್ದಿತು.

ಹೊರಟ ಮೂರನೆಯ ಬೆಳಿಗ್ಗೆ ಅಳಿವೆ ಕಾಣುವಾಗ ಇಳಿತ ಶುರುವಾಗಿ ಬಹಳ ಹೊತ್ತಾಗಿತ್ತು. ಹೊಂಡದ ದಂಡೆಯಲ್ಲಿ ಇಡೀ ಊರು ನಿಂತಿತ್ತು. ಮುಗಿಯಿತು ಅಂದುಕೊಂಡ.

ಹತ್ತಿರ ಬಂದು ನೋಡಿದರೆ ಹೊಂಡ ಹೊಂಡವಾಗಿಯೇ ಇತ್ತು. ಗಂಡಸರು ಮರಳಿನ ಬುಟ್ಟಿ ಹೊತ್ತು ಸಾಲಾಗಿ ನಿಂತಿದ್ದರು. ಅವರ ಮುಂದೆ, ಆ ಕಪ್ಪು ನೀರಲ್ಲಿ ಮಂಡಿಯ ತನಕ ಕಾಲು ಇಳಿಬಿಟ್ಟುಕೊಂಡು, ಕೋಲೂರಿಕೊಂಡು ಬಂದ ಗುರುಗಳು ಕೂತಿದ್ದರು. ಪಕ್ಕದಲ್ಲಿ ಮಾಸ್ತಕ್ಕ, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಅಜ್ಜಯ್ಯ, ಸ್ವಲ್ಪ ಏಳುತ್ತೀರಾ ಅಂತ ಜಟ್ಟಪ್ಪ ನಾಲ್ಕನೆಯ ಸಲ ಕೇಳುತ್ತಿದ್ದ. ಮಂಡಿನೋವಿಗೆ ಈ ನೀರು ಒಳ್ಳೆಯದು ಮಾರಾಯ, ಇನ್ನೊಂದು ಚೂರು ಕೂರುತ್ತೇನೆ ಅಂತ ಗುರುಗಳು ನಾಲ್ಕನೆಯ ಸಲ ಹೇಳುತ್ತಿದ್ದರು. ಗುರುಗಳ ಕಾಲ ಮೇಲೆ ಮರಳು ಸುರಿಯಲು ಯಾರಿಗೆ ಧೈರ್ಯ?

ಚಿದಂಬರ ಮೂಗು ಮುಚ್ಚಲಿಲ್ಲ. ನೇರ ಹೊಂಡದ ಬಾಯಿಗೆ ಹೋಗಿ, ಮಂಡಿಯೂರಿ ಬಗ್ಗಿ ನೋಡಿದ. ಹೊಂಡದ ನೀರು ಹಿನ್ನೀರಿಗೆ ಸೇರುವಲ್ಲಿ ಬೆರಳುದ್ದದ ಮೀನುಗಳು ಗುಂಪಾಗಿ ತಿರುಗುತ್ತಿದ್ದವು. ಒಂದು ಏಡಿ ಇವನನ್ನು ಕಂಡು ಕಲ್ಲಿನಡಿ ಸರಿಯಿತು.

ಅವನು ಎದ್ದು ಕಡಲಿಗೆ ಹೋದ. ಬೊಗಸೆಯಲ್ಲಿ ನೀರು ತುಂಬಿ, ಎಲ್ಲರೂ ನೋಡುವ ಹಾಗೆ ಬಾಯಿ ಮುಕ್ಕಳಿಸಿ ಉಗುಳಿದ. ಒಂದು ಸಲ ಸಾಕಿತ್ತು, ಮೂರು ಸಲ ಮಾಡಿದ.

"ನಾನಾಡಿದ್ದು ಸುಳ್ಳು. ಮೀನು ಯಾಕೆ ಸತ್ತಿತು ಅಂತ ನನಗೆ ಗೊತ್ತಿಲ್ಲ. ಈ ವಾಸನೆ ನನಗೆ ಆಗುತ್ತಿರಲಿಲ್ಲ, ಅಷ್ಟೆ. ಅದನ್ನೇ ಕಾರಣ ಅಂತ ಹೇಳಿಬಿಟ್ಟೆ."

ಜಟ್ಟಪ್ಪ ಮೊದಲು ಬುಟ್ಟಿ ಕೆಳಗಿಟ್ಟ. ಆಮೇಲೆ ಒಬ್ಬೊಬ್ಬರೇ ಇಟ್ಟರು. ನಮಗೂ ಏನೋ ಒಂದು ಬೇಕಿತ್ತು ಸ್ವಾಮಿ ಅಂತ ಜಟ್ಟಪ್ಪ ಮೆಲ್ಲಗೆ ಹೇಳಿದ. ಐದೂರಿನ ಕಥೆಯನ್ನೂ ಪುರ್ಸು ತೋರಿಸಿದ ತಣ್ಣನೆಯ ನೀರನ್ನೂ ಚಿದಂಬರ ಹೇಳಿದ. ಈ ಸಲ ಪ್ರತಿ ಮಾತಿಗೂ ಇರಬಹುದು ಅಂತ ಸೇರಿಸಿದ. ಆ ನೀರನ್ನು ಸೀಸೆಯಲ್ಲಿ ತುಂಬಿ, ಪರೀಕ್ಷೆ ಮಾಡುವವರಿಗೆ ಕೊಟ್ಟು ನೋಡುವುದು ಅಂತ ಕೂಟದಲ್ಲಿ ಮಾತಾಯಿತು.

ಮಾಸ್ತಕ್ಕ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಬೈಯುತ್ತಾಳೆ ಅಂತ ಚಿದಂಬರ ತಲೆ ತಗ್ಗಿಸಿದ.

"ನಾರುವುದು ಹೌದು ಸ್ವಾಮಿ," ಅಂದಳು. "ನನಗೂ ನಾರುತ್ತದೆ."

ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಊರು ಜೋರಾಗಿ ನಕ್ಕಿತು, ಆರು ದಿನದಿಂದ ನಗದೆ ಇದ್ದ ಊರು.

ಎರಡು ದಿನ ಬಿಟ್ಟು ಗಾಳಿ ತಿರುಗಿತು, ನೀರು ಬೆಚ್ಚಗಾಯಿತು. ದಡಕ್ಕೆ ಬರುವ ಸತ್ತ ಮೀನು ಕಡಿಮೆಯಾಗಿ, ಆಮೇಲೆ ನಿಂತೇ ಹೋಯಿತು. ಅದರ ಮರುದಿನ ಮೊದಲ ದೋಣಿ ಇಳಿಯಿತು. ಸಂಜೆ ಬರುವಾಗ ಬುಟ್ಟಿಗಳಲ್ಲಿ ಬಂಗುಡೆ ಹೊಳೆಯುತ್ತಿತ್ತು, ದಡದಲ್ಲಿ ಹೆಂಗಸರ ಗಲಾಟೆ ಆಶ್ರಮದ ತನಕ ಕೇಳಿಸುತ್ತಿತ್ತು.

ಚಿದಂಬರ ಬಾವಿಯಲ್ಲಿ ನೀರು ಸೇದುತ್ತಿದ್ದ. ಹಗ್ಗ ಹೊಸದು, ಮಾಸ್ತಕ್ಕ ತಂದುಕೊಟ್ಟದ್ದು, ಬಾವಿಯ ಸುತ್ತಲೆಲ್ಲ ಅದರದೇ ವಾಸನೆ. ಅವನ ಮನಸ್ಸು ಹಗುರಾಗಿತ್ತು. ಒಂದೇ ಒಂದು ಮಾತು ಉಳಿದಿತ್ತು.

"ಹೊಂಡ ಕಾರಣ ಅಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲ, ಗುರುಗಳೇ? ಅವತ್ತೇ ಹೇಳಿದ್ದರೆ ನನ್ನ ಕಾಲಾದರೂ ಉಳಿಯುತ್ತಿತ್ತು."

ಗುರುಗಳು ಕೊಡದಿಂದ ಒಂದು ಚೊಂಬು ನೀರು ತೆಗೆದು ಮಂಡಿಗೆ ಹಾಕಿಕೊಂಡರು.

"ನನಗೆಲ್ಲಿ ಗೊತ್ತಿತ್ತು ಮಾರಾಯ? ಹೊಂಡವೇ ಕಾರಣ ಆಗಿದ್ದರೂ ನಿನ್ನನ್ನು ಅಷ್ಟು ದೂರ ನಡೆಸಿಯೇ ನಡೆಸುತ್ತಿದ್ದೆ."