ಹಾಲು ಅರಗಲಿ

"ಅಮ್ಮಾ, ಗುರುಗಳ ಆಶ್ರಮಕ್ಕೆ ಯಾವ ಕಡೆ ಹೋಗಬೇಕು?"

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ತಲೆ ಎತ್ತಿದಳು. "ಹಸಿವಾಗಿದ್ದರೆ ಎಡಕ್ಕೆ, ಅಲ್ಲಿ ಅಡುಗೆಮನೆ. ಏನಾದರೂ ಕೇಳೋದಿದ್ದರೆ ಬಲಕ್ಕೆ."

"ಎರಡೂ ಇದ್ದರೆ?"

"ಎರಡೂ ಇದ್ದೋರು ಹೀಗೇ ದಾರಿ ತಪ್ಪಿ ನಿಂತಿರ್ತಾರೆ, ತಾಯಿ."

ದಾರಿ ಕೇಳಿದ ದಾಕ್ಷಾಯಿಣಿ ಆ ಆಶ್ರಮದಲ್ಲೇ ಕಲಿತವಳು. ಒಂದು ಕಾಲದಲ್ಲಿ ಈ ದಾರಿಯಲ್ಲಿ ಕಣ್ಣು ಮುಚ್ಚಿ ನಡೆದವಳು. ಈಗ ಕಣ್ಣು ಬಿಟ್ಟುಕೊಂಡೇ ತಪ್ಪಿದ್ದಳು.

ಬಲಕ್ಕೆ ತಿರುಗಿದಳು. ಸೆರಗಿನ ಗಂಟಿನಲ್ಲಿ ಒಂದು ಮಾವಿನಹಣ್ಣಿತ್ತು.

ಗುರುಗಳು ಆಗಷ್ಟೇ ಹಾಲು ಕುಡಿದು ಲೋಟ ಕೆಳಗಿಡುತ್ತಿದ್ದರು.

"ನನ್ನ ತಂಗಿ ಗಿರಿಜೆ ಹೋಗಿಬಿಟ್ಟಳು, ಗುರುಗಳೇ."

"ಕೂತುಕೋ."

ಕೂರಲಿಲ್ಲ. "ಅವತ್ತು ಬೆಳಿಗ್ಗೆ ನಾನೇ ಹಾಲು ಕುಡಿಸಿದೆ. ಕುಡಿದವಳೇ ಮಾವಿನಹಣ್ಣು ಬೇಕು ಅಂದಳು. ಹಾಸಿಗೆ ಹಿಡಿದು ಎಷ್ಟೋ ದಿನದಿಂದ ಏನು ಕೊಟ್ಟರೂ ಬೇಡ ಅಂತಿದ್ದವಳು."

"ಕೊಟ್ಟೆಯಾ?"

"ನೀವು ಕಲಿಸಿದ್ದೇನು? ಹಣ್ಣು ಬೇಗ ಅರಗುತ್ತದೆ, ಹಾಲು ನಿಧಾನ. ಎತ್ತಿನ ಗಾಡಿಯ ಹಿಂದೆ ಕುದುರೆ ಸಿಕ್ಕಿಹಾಕಿಕೊಂಡರೆ ಓಣಿ ತುಂಬ ರಂಪ. ಹಾಲು ಅರಗಲಿ, ಆಮೇಲೆ ಕೊಡ್ತೀನಿ ಅಂದೆ."

"ಅವಳೇನಂದಳು?"

"ನಕ್ಕಳು. 'ಅಕ್ಕಾ, ಹಾಲಿಗೆ ಸ್ವಲ್ಪ ಬೇಗ ಬೇಗ ನಡಿ ಅನ್ನು' ಅಂದಳು. ನಾನು ಹಣ್ಣು ತೊಳೆದು ಅವಳ ಕಣ್ಣೆದುರಿಗೇ ಇಟ್ಟೆ. ಬಿಸಿಲು ಕಿಟಕಿ ದಾಟುವ ಮೊದಲೇ ಹೋದಳು."

ಹೊಳೆಯ ಕಡೆಯಿಂದ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು.

"ನಿಯಮ ಸುಳ್ಳೇ, ಗುರುಗಳೇ?"

"ಸುಳ್ಳಲ್ಲ."

"ಹಾಗಾದರೆ ನಾನು ಮಾಡಿದ್ದು ಸರಿ."

"ಹಾಗಂತ ನಾನು ಅನ್ನಲಿಲ್ಲ. ಅದು ಮಧ್ಯಾಹ್ನದವರೆಗೂ ಇರುವವರಿಗೆ ಹೇಳಿದ ಮಾತು."

"ಅವಳು ಮಧ್ಯಾಹ್ನದವರೆಗೆ ಇರೋದಿಲ್ಲ ಅಂತ ನನಗೆ ಹೇಗೆ ತಿಳಿಯಬೇಕಿತ್ತು?"

ಗುರುಗಳು ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ತಿಳಿಯುವುದಿಲ್ಲ," ಅಂದರು.

"ಇದನ್ನು ಕೇಳೋಕೆ ಇಷ್ಟು ದೂರ ಬಂದೆನಾ? ಒಂದು ಸಮಾಧಾನದ ಮಾತಾದರೂ ಆಡಿ."

"ನನ್ನ ಹತ್ತಿರ ಇಲ್ಲ, ಮಗಳೇ."

ದಾಕ್ಷಾಯಿಣಿ ಸೆರಗಿನ ಗಂಟು ಬಿಚ್ಚಿದಳು. ಹಣ್ಣಿನ ಸಿಪ್ಪೆ ಸುಕ್ಕುಗಟ್ಟಿತ್ತು. ತೊಟ್ಟಿನ ಹತ್ತಿರ ಕಪ್ಪಾಗಿತ್ತು.

"ಅದೇ ಹಣ್ಣು. ನನ್ನಿಂದ ತಿನ್ನೋಕಾಗಲಿಲ್ಲ, ಎಸೆಯೋಕೂ ಆಗಲಿಲ್ಲ. ಆಮೇಲೆ ಕೊಡ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಈ ಋಣ ಯಾರಿಗೆ ತೀರಿಸಲಿ?"

ಗುರುಗಳು ಕೈ ಚಾಚಿದರು. "ಕೊಯ್ದು ಕೊಡು."

"ಅಯ್ಯೋ, ನೀವು ಈಗ ತಾನೇ ಹಾಲು..."

ಅಂದವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಚಾಚಿದ ಕೈ ಹಾಗೇ ಇತ್ತು. ಅವರ ಮೀಸೆಯ ಮೇಲೆ ಹಾಲು ಇನ್ನೂ ಆರಿರಲಿಲ್ಲ.

ಸಂಚಿಯಿಂದ ಚಾಕು ತೆಗೆದು ಹಣ್ಣು ಕೊಯ್ದಳು. ಮೊದಲ ಹೋಳನ್ನು ಆ ಅಂಗೈಯಲ್ಲಿ ಇಟ್ಟಳು.

ಗುರುಗಳು ತಿಂದರು. ನಿಧಾನವಾಗಿ ತಿಂದರು.

"ಹೇಗಿದೆ?"

"ಹುಳಿ ಬಂದಿದೆ. ಇನ್ನೊಂದು ಹೋಳು ಕೊಡು."